ಆರರಲ್ಲಿ ಐದು

ಕರಡು ಮಸೂದೆ ಮಲಯಾಳದಲ್ಲಿ ಬಂದಿತ್ತು, ಎಂದಿನಂತೆ.
ರಕ್ಷಕರ ಸಭೆಯಲ್ಲಿ ಓದಲಿಕ್ಕೆ
ಕನ್ನಡ ಮಾಡಿಕೊಡಿ ಮಾಷೆ, ಎಂದರು ಹೆಡ್‌ಮಿಸ್ಟ್ರೆಸ್.
ರಾತ್ರಿ ಕೂತೆ.
‘ತರಬೇತಾದ ಅಧ್ಯಾಪಕರು ಶಾಲೆಯ ಹೊತ್ತಿನಲ್ಲಿ
ಕೋವಿ ಇರಿಸಿಕೊಳ್ಳ—’ ಇಲ್ಲಿ ನಿಂತೆ.
ಅವರದು ‘ಆವಾಂ’. ನಮ್ಮದು ‘ಬಹುದು’.
ಇಪ್ಪತ್ತೆರಡು ವರ್ಷ ವ್ಯಾಕರಣ ಕಲಿಸಿದವನು,
ಗೊತ್ತು ನನಗೆ ಈ ‘ಬಹುದು’ವಿನ ಬುದ್ಧಿ:
ಅದು ಒಳಗೆ ಬಂದು ಕುರ್ಚಿ ಎಳೆದುಕೊಳ್ಳುವಾಗ
‘ಬೇಕು’ ಜಗಲಿಯಲ್ಲಿ ಚಪ್ಪಲಿ ಕಳಚುತ್ತಿರುತ್ತದೆ.

ನೇರೋಳುಮೂಲೆ ಶಾಲೆ. ಅಡೂರಿನಿಂದ ಜೀಪು, ಆಮೇಲೆ ಕಾಲು.
ಕನ್ನಡ ವಿಭಾಗದಲ್ಲಿ ಹದಿನೆಂಟು ಮಕ್ಕಳು.
ಹಿಂದಿನ ವಾರ ಅಡುಗೆ ಕೋಣೆಯ ಹಿಂದಿನಿಂದ
ನಾಯಿಯನ್ನು ಚಿರತೆ ಹೊತ್ತೊಯ್ದಿತ್ತು.
ಬೂದಿಯ ಮೇಲೆ ನಾಲ್ಕು ಹೆಜ್ಜೆ. ಕೊರಪಾಳು ಅದರ ಮೇಲೆ
ಬುಟ್ಟಿ ಕವುಚಿ ಕಾದಳು, ಫಾರೆಸ್ಟಿನವರು ಬರಲೆಂದು.
ಬಂದದ್ದು ಮೂರನೆಯ ದಿನ.

ಇಲ್ಲಿ ಪರವಾನಿಗೆ ಇರುವ ಅಧ್ಯಾಪಕ ನಾನೊಬ್ಬನೇ.
ಸೋದರಮಾವನ ಕೋವಿ. ಅಳಿಯಕಟ್ಟಿನಲ್ಲಿ ನನಗೆ ಬಂದದ್ದು
ಅದೊಂದು, ಮತ್ತೆ ಅವರ ಗೊರಕೆ.
ಹಂದಿ ಹೊಡೆಯುವವರ ಪಟ್ಟಿಯಲ್ಲಿ ಹೆಸರಿತ್ತು;
ಈಗ ಎರಡು ದಿನದ ತರಬೇತಿಯೂ ಆಗಿದೆ.
ಚಿರತೆಗೆಂದು ಹೋದವನ ಎದುರಿಗೆ ನಿಲ್ಲಿಸಿದ್ದು
ರಟ್ಟಿನ ಮನುಷ್ಯ. ಆರು ತೋಟೆ ಕೊಟ್ಟರು.
ಐದು ಎದೆಯೊಳಗೆ. ಸಾಹೇಬರು ಬೆನ್ನು ತಟ್ಟಿದರು:
ಆರರಲ್ಲಿ ಐದು! ಎ ಗ್ರೇಡ್, ಐತಪ್ಪ ಮಾಷೆ!
ಆರನೆಯದು ಎಲ್ಲಿ ಹೋಯಿತೆಂದು
ಅವರು ಕೇಳಲಿಲ್ಲ. ನಾನೂ.

ಸಭೆಯಲ್ಲಿ ಓದಿದೆ. ರಬ್ಬರ್ ಟ್ಯಾಪಿಂಗಿನ ಗಣೋಜಿ ರಾವ್ ಎದ್ದು
“ಅದು ಬಂದರೆ ಏನು, ಸೀಮೆಸುಣ್ಣ ಬಿಸಾಡುತ್ತೀರಾ?” ಎಂದ.
ನಕ್ಕರು. ಅವನು ನಗಲಿಲ್ಲ. ಅವನ ಮಗಳು
ಒಂದೂವರೆ ಕಿಲೋಮೀಟರು ಕಾಡು ದಾಟಿ ಬರುವವಳು.
ಅವನಿಗೆ ಉತ್ತರ ನನ್ನಲ್ಲಿರಲಿಲ್ಲ. ಈಗಲೂ ಇಲ್ಲ.
ನಫೀಸ ಕೇಳಿದಳು: “ಹುಲಿಗೆಂದು ತಂದ ಕೋವಿ
ಹುಲಿ ಹೋದ ಮೇಲೆ ಮನೆಗೆ ಹೋಗುತ್ತದಾ?”
ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಕೊರಪಾಳು:
“ಮಾಷ್ ಕಕ್ಕಸಿಗೆ ಹೋಗುವಾಗ ಅದನ್ನು ಹಿಡಿದುಕೊಳ್ಳುವುದು ಯಾರು?”
ಬೀಗವಿರುವ ಕಪಾಟು ಒಂದೇ.
ಅದರೊಳಗೆ ಹಾಜರಿ ಪುಸ್ತಕ, ಗ್ಲೋಬು, ಕಲೋತ್ಸವದ ಗೆಜ್ಜೆ,
ಈ ವರ್ಷ ಬಂದು ಮುಟ್ಟಿದ ಹೋದ ವರ್ಷದ ಪಠ್ಯಪುಸ್ತಕ.
ಬೀಗದಕೈ ಗಡಿಯಾರದ ಹಿಂದೆ,
ಒಂದನೆಯ ಕ್ಲಾಸಿನವರಿಗೂ ಗೊತ್ತು.
ತೀರ್ಮಾನ ಆಗಲಿಲ್ಲ. ಚಹಾ ಆಯಿತು.

ಮರುದಿನ ಮೂರನೆಯ ತರಗತಿಗೆ ಉಕ್ತಲೇಖನ.
ತುಳು ಮನೆಯ ಮಕ್ಕಳಿಗೆ ಕೋವಿಯೆಂದರೆ ಬೆಡಿ.
ಒಂದು ದೀರ್ಘ ಕೊಟ್ಟರೆ ಬೇಡಿ, ಕೈಗೆ ಬೀಳುವುದು.
ಗುಡಿಸು ತೆಗೆದರೆ ಬೇಡ.
ಮೂರನ್ನೂ ಹಲಗೆಯ ಮೇಲೆ ಬರೆದೆ.
ಗಣೋಜಿಯ ಮಗಳು ಜೀಜಾ ಬೆರಳೆತ್ತಿದಳು:
“ಮಾಷೆ, ಇದು ಬಿಲ್ಲು ಹಿಡಿಯುವ ಬೇಡನಾ,
ನನಗೆ ಬೇಡ ಅನ್ನುವ ಬೇಡವಾ?”
ವಾಕ್ಯ ಮುಗಿಯಲಿ, ತಿಳಿಯುತ್ತದೆ, ಎಂದೆ.
“ಯಾವ ವಾಕ್ಯ?” ಎಂದಳು.

ನಾಲ್ಕು ಗಂಟೆಯ ಉಪಾಯ ಕೊರಪಾಳುವಿನದು:
ಊಟದ ತಟ್ಟೆ, ಒಬ್ಬೊಬ್ಬರಿಗೆ ಒಂದು ಚಮಚ.
ಬಡಿಯುತ್ತ ಗುಡ್ಡ ಇಳಿದರು, ನಾನು ಹಿಂದಿನಿಂದ,
ಬರಿಗೈಯಲ್ಲಿ. ಅಲ್ಲ, ಕೊಡೆ ಇತ್ತು.
ಕಾಡಿನ ಹಕ್ಕಿಗಳೆಲ್ಲ ಬೈಯುತ್ತ ಎದ್ದವು.
ತೋಡಿನ ಆಚೆ ಏನೋ ಅಲ್ಲಾಡಿತು,
ಬೆತ್ತದ ಪೊದೆ ಇರಬಹುದು.
(ನೋಡಿ, ಮತ್ತೆ ಅದೇ ‘ಬಹುದು’.)
ಕೋವಿ ತೂಗಬೇಕಿದ್ದ ಹೆಗಲಲ್ಲಿ
ಬೆವರು. ಹೆದರಿದ್ದೆ, ಸುಳ್ಳು ಯಾಕೆ.

ಬೆಳಿಗ್ಗೆ ಕೊರಪಾಳು ತಟ್ಟೆ ಎಣಿಸಿದಳು.
ಹದಿನೇಳು. ಮತ್ತೊಮ್ಮೆ ಎಣಿಸಿದಳು.
ಒದ್ದೆ ಕೈ ಸೆರಗಿಗೆ ಒರೆಸುತ್ತ
ಪಾಠದ ನಡುವೆಯೇ ಬಾಗಿಲಿಗೆ ಬಂದು
“ಮಾಷೆ,” ಎಂದಳು, “ಇನ್ನೊಂದು ಎಲ್ಲಿ?”